ಮನಸ್ಸಿಲ್ಲದ ದಿನವೂ ಮೊಣಕಾಲೂರಬೇಕಾ?

ವಾಕ್ಯಭಾಗ: ದಾನಿಯೇಲ 6:1-10, ಅಪೊಸ್ತಲರ ಕೃತ್ಯಗಳು 3:1



ನಮ್ಮ ಯೂತ್ ಮೀಟಿಂಗ್‌ನಲ್ಲಿ ಒಬ್ಬ ಸಹೋದರಿ ಒಂದು ಪ್ರಶ್ನೆ ಕೇಳಿದರು. "ಪಾಸ್ಟರ್, ಮನಸ್ಸೇ ಇಲ್ಲದ ದಿನ ಪ್ರಾರ್ಥನೆಗೆ ಕೂತರೆ ಅದು ಕಪಟ ಅಲ್ವಾ? ಆತ್ಮನು ನಡೆಸಿದಾಗ ಮಾತ್ರ ಪ್ರಾರ್ಥಿಸಿದರೆ ಅದು ನಿಜವಾದದ್ದು ಅಲ್ವಾ?" ಒಳ್ಳೆಯ ಪ್ರಶ್ನೆ. ಇದು ಬರೀ ಪ್ರಾರ್ಥನೆಯ ಪ್ರಶ್ನೆ ಅಲ್ಲ. ನಾವು ಎಂಥ ಮನುಷ್ಯರಾಗ್ತೀವಿ ಅನ್ನೋದು ಎಲ್ಲಿ ತೀರ್ಮಾನ ಆಗುತ್ತೆ? ನಮ್ಮ ಎದೆಯಲ್ಲಾ, ಅಥವಾ ನಮ್ಮ ದಿನಚರಿಯಲ್ಲಾ? ಇವತ್ತು ಇದನ್ನೇ ಧ್ಯಾನಿಸೋಣ.

ದಾನಿಯೇಲನನ್ನು ನೋಡಿ. ಹದಿಹರೆಯದಲ್ಲಿ ಸೆರೆಯಾಗಿ ಬಾಬೆಲಿಗೆ ಹೋದವನು. ಆರನೆಯ ಅಧ್ಯಾಯಕ್ಕೆ ಬರುವಾಗ ಅವನಿಗೆ ಎಂಬತ್ತರ ಆಸುಪಾಸು ವಯಸ್ಸು. ದಾರ್ಯಾವೆಷ ರಾಜನ ಕೆಳಗೆ 120 ದೇಶಾಧಿಪತಿಗಳು, ಅವರ ಮೇಲೆ ಮೂವರು ಮುಖ್ಯಾಧಿಕಾರಿಗಳು, ಆ ಮೂವರಲ್ಲಿ ಇವನೊಬ್ಬ. ವೈರಿಗಳು ಅವನ ಕೆಲಸದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಕೊನೆಗೆ 30 ದಿನ ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಅನ್ನೋ ಆಜ್ಞೆ ಹೊರಡಿಸಿದರು. ಯಾಕೆ ಇಂಥ ಉಪಾಯ? ಯಾಕೆಂದರೆ ಅವನು ದಿನಕ್ಕೆ ಮೂರು ಸಾರಿ ಎಲ್ಲಿರ್ತಾನೆ ಅಂತ ಅವರಿಗೆ ಖಚಿತವಾಗಿ ಗೊತ್ತಿತ್ತು. ಗಮನಿಸಿ, ವೈರಿಗಳು ಅವನ ಅಭ್ಯಾಸದ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದರು!

ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಆಗದವರು ನಿಮ್ಮ ಮೇಲೆ ಬಲೆ ಹಾಕಬೇಕಾದರೆ, ನಿಮ್ಮ ಯಾವ ಅಭ್ಯಾಸವನ್ನು ನಂಬಿ ಹಾಕ್ತಾರೆ? "ಅವನು ರಾತ್ರಿ ಹನ್ನೆರಡರ ತನಕ ರೀಲ್ಸ್ ನೋಡ್ತಾನೆ" ಅಂತಾನಾ? "ಅವಳು ಯಾವತ್ತೂ ಸುಳ್ಳು ಬಿಲ್ ಹಾಕಲ್ಲ" ಅಂತಾನಾ? ನಮ್ಮ ಮೌಲ್ಯ ಏನು ಅಂತ ಬಯೋದಲ್ಲಿ ಬರೆದುಕೊಳ್ಳೋದು ಸುಲಭ. ಫೋನಿನ ಸ್ಕ್ರೀನ್ ಟೈಮ್ ತೆಗೆದು ನೋಡಿ. ಹೋದ ತಿಂಗಳ ಯುಪಿಐ ಹಿಸ್ಟರಿ ತೆಗೆದು ನೋಡಿ. ಅಲ್ಲಿರೋದೂ ನಿಮ್ಮ ಮೌಲ್ಯಗಳ ಪಟ್ಟಿಯೇ. ನಾವು ಬರೆದದ್ದಲ್ಲ, ನಾವು ಬದುಕಿದ್ದು.

ಆಜ್ಞೆಗೆ ರುಜು ಬಿದ್ದಿದೆ ಅಂತ ತಿಳಿದ ಮೇಲೆ ದಾನಿಯೇಲ ಏನು ಮಾಡಿದ? ಮನೆಗೆ ಹೋದ. ಮೇಲಂತಸ್ತಿನ ಕೋಣೆಯ ಕಿಟಕಿ ಯೆರೂಸಲೇಮಿನ ಕಡೆಗೆ ತೆರೆದಿತ್ತು. ಮೊಣಕಾಲೂರಿ ಪ್ರಾರ್ಥಿಸಿದ, ಸ್ತೋತ್ರ ಸಲ್ಲಿಸಿದ. ಹಿಂದೆಲ್ಲ ಮಾಡುತ್ತಿದ್ದ ಹಾಗೆಯೇ ಮಾಡಿದ ಅಂತ ಸತ್ಯವೇದ ಹೇಳುತ್ತದೆ. ಅವನು ಹೊಸದಾಗಿ ಧೈರ್ಯ ತಂದುಕೊಳ್ಳಲಿಲ್ಲ, ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಿದ. ಅಷ್ಟೇ. ಆದರೆ ಆ "ಅಷ್ಟೇ" ಅನ್ನೋದರ ಹಿಂದೆ ಅರವತ್ತು ವರ್ಷಕ್ಕಿಂತ ಹೆಚ್ಚಿನ ಪರದೇಶವಾಸ ಇದೆ. ಅದು ಶುರುವಾದದ್ದು ಎಲ್ಲಿ? ಮೊದಲನೆಯ ಅಧ್ಯಾಯದಲ್ಲಿ, ಊಟದ ತಟ್ಟೆಯ ಮುಂದೆ. ರಾಜನ ಭೋಜನ ಬೇಡ, ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ಪರೀಕ್ಷಿಸಿ ಅಂದ. ತಟ್ಟೆಯ ಮುಂದೆ ಬೇಡ ಅನ್ನಲು ಕಲಿತವನು ಸಿಂಹದ ಗವಿಯ ಮುಂದೆಯೂ ಬೇಡ ಅಂದ.

ಈಗ ಪೇತ್ರನ ಹತ್ತಿರ ಬನ್ನಿ. ಎಲ್ಲರೂ ಬಿಟ್ಟು ಹೋದರೂ ನಾನು ಹೋಗಲ್ಲ ಅಂತ ಅವನು ಯೇಸುವಿಗೆ ಹೇಳಿದ. ಅದು ಕಪಟವಾ? ಇಲ್ಲ, ಮನಃಪೂರ್ವಕವಾಗಿಯೇ ಹೇಳಿದ. ಆದರೆ ಅದೇ ರಾತ್ರಿ ಗೆತ್ಸೇಮನೆಯಲ್ಲಿ ಎಚ್ಚರವಾಗಿರು ಅಂದರೆ ನಿದ್ದೆ ಮಾಡಿದ. ಒಂದು ಗಂಟೆ ಎಚ್ಚರವಾಗಿರಲು ಆಗಲಿಲ್ಲ. ಬೆಳಗಾಗುವಷ್ಟರಲ್ಲಿ ಮೂರು ಸಾರಿ ಕರ್ತನನ್ನು ಗೊತ್ತಿಲ್ಲ ಅಂದ. ಪೇತ್ರನ ಪ್ರೀತಿ ಸುಳ್ಳಾಗಿರಲಿಲ್ಲ. ಅವನಿಗೆ ತನ್ನ ಬಗ್ಗೆ ತಿಳಿದಿರಲಿಲ್ಲ, ಅಷ್ಟೇ. ಭಾವನೆ ತುಂಬಿದೆ ಅಂದ ಮಾತ್ರಕ್ಕೆ ಬಲ ಇದೆ ಅಂದುಕೊಂಡುಬಿಟ್ಟ. ಆರಾಧನೆಯಲ್ಲಿ ಕಣ್ಣೀರು ಹಾಕಿದ ನಾವು ಸೋಮವಾರ ಆಫೀಸಿನಲ್ಲಿ ಬೀಳೋದು ಇದೇ ಕಾರಣಕ್ಕೆ.

ಹಾಗಾದರೆ ಪವಿತ್ರಾತ್ಮನು ಬಂದ ಮೇಲೆ ದಿನಚರಿ ಬೇಕಾಗಿಲ್ಲವಾ? ನಾವು ಪೆಂತೆಕೊಸ್ತಿನವರು ಇದನ್ನು ಚೆನ್ನಾಗಿ ನೋಡಬೇಕು. ಎರಡನೆಯ ಅಧ್ಯಾಯದಲ್ಲಿ ಪೇತ್ರನು ಆತ್ಮಭರಿತನಾದ. ಮೂರನೆಯ ಅಧ್ಯಾಯದ ಮೊದಲನೆಯ ವಚನದಲ್ಲೇ ಅವನು ಯೋಹಾನನ ಜೊತೆ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ದೇವಾಲಯಕ್ಕೆ ಹೋಗ್ತಿದ್ದಾನೆ. ಮಧ್ಯಾಹ್ನ ಸುಮಾರು ಮೂರು ಗಂಟೆ. ಹತ್ತನೆಯ ಅಧ್ಯಾಯದಲ್ಲಿ ನಡುಮಧ್ಯಾಹ್ನ ಮಾಳಿಗೆಯ ಮೇಲೆ ಪ್ರಾರ್ಥಿಸ್ತಿದ್ದಾನೆ. ಅಗ್ನಿ ಇಳಿದು ಬಂದ ಮೇಲೂ ಅವನು ಗಡಿಯಾರವನ್ನು ಬಿಸಾಡಲಿಲ್ಲ. ಹುಟ್ಟು ಕುಂಟನಾಗಿದ್ದ ಮನುಷ್ಯ ಎದ್ದು ಕುಣಿದದ್ದು ಯಾವಾಗ? ಅದೇ ಮಾಮೂಲಿ ಮೂರು ಗಂಟೆಯ ಪ್ರಾರ್ಥನೆಗೆ ಹೋಗುವ ದಾರಿಯಲ್ಲಿ. ಹಲ್ಲೆಲೂಯಾ!

ಈಗ ಆ ಸಹೋದರಿಯ ಮಾತಿಗೆ ಉತ್ತರ. ಕಪಟಿ ಅನ್ನೋದಕ್ಕೆ ಹೊಸ ಒಡಂಬಡಿಕೆಯ ಗ್ರೀಕ್ ಪದದ ಮೂಲ ಅರ್ಥ ನಾಟಕದ ನಟ. ನಟನಿಗೆ ಪ್ರೇಕ್ಷಕರು ಬೇಕು. ಬೀದಿ ಮೂಲೆಯಲ್ಲಿ ನಿಂತು ತೋರಿಕೆಗೆ ಪ್ರಾರ್ಥಿಸುವವರನ್ನು ಯೇಸು ಖಂಡಿಸಿದಾಗ ಪ್ರಾರ್ಥನೆ ನಿಲ್ಲಿಸಿ ಅನ್ನಲಿಲ್ಲ, ಬಾಗಿಲು ಮುಚ್ಚಿಕೊಳ್ಳಿ ಅಂದನು. ಪ್ರೇಕ್ಷಕರನ್ನು ಹೊರಗೆ ಕಳಿಸಿದನು, ಪ್ರಾರ್ಥನೆಯನ್ನು ಉಳಿಸಿದನು. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ತಾಯಿ ಎದ್ದೇಳ್ತಾಳೆ. ಆ ಹೊತ್ತಿನಲ್ಲಿ ಅವಳ ಎದೆಯಲ್ಲಿ ಮಮತೆ ಉಕ್ಕುತ್ತಾ ಇರಲ್ಲ, ನಿದ್ದೆ ಬರ್ತಾ ಇರುತ್ತೆ. ಅದನ್ನು ಯಾರಾದರೂ ಕಪಟ ಅಂತಾರಾ? ಅದಕ್ಕೇ ಅಲ್ವಾ ನಾವು ಪ್ರೀತಿ ಅನ್ನೋದು! ಮನಸ್ಸಿಲ್ಲದ ದಿನ ದೇವರ ಮುಂದೆ ಕೂತು "ಕರ್ತನೇ, ಇವತ್ತು ಮನಸ್ಸಿಲ್ಲ, ಆದರೂ ಬಂದಿದ್ದೀನಿ" ಅನ್ನೋದರಲ್ಲಿ ಸುಳ್ಳು ಎಲ್ಲಿದೆ?

ಆದರೆ ಇನ್ನೊಂದು ಅಪಾಯ ಇದೆ. ಬರೀ ಅಭ್ಯಾಸವೂ ಸಾಲದು. ಲೂಕ 18ರ ಫರಿಸಾಯನು ವಾರಕ್ಕೆ ಎರಡು ಸಾರಿ ಉಪವಾಸ ಮಾಡ್ತಿದ್ದ, ದಶಮಾಂಶ ಕೊಡ್ತಿದ್ದ. ಅಭ್ಯಾಸದಲ್ಲಿ ಕೊರತೆ ಇರಲಿಲ್ಲ. ತನ್ನನ್ನು ತಾನು ನೋಡಿಕೊಳ್ಳೋದರಲ್ಲಿ ಕೊರತೆ ಇತ್ತು.

ಇದಕ್ಕೆ ಚರಿತ್ರೆಯಿಂದ ಒಂದು ಉದಾಹರಣೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಯೌವನದಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿಕೊಂಡ. ಮಿತಾಹಾರ, ಮೌನ, ಕ್ರಮ, ಪ್ರಾಮಾಣಿಕತೆ, ನ್ಯಾಯ, ಹೀಗೆ ಗುಣಗಳ ಪಟ್ಟಿ. ವಾರಕ್ಕೆ ಒಂದು ಗುಣದ ಮೇಲೆ ಗಮನ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ. ತಾನು ಅಂದುಕೊಂಡಿದ್ದಕ್ಕಿಂತ ತನ್ನಲ್ಲಿ ತಪ್ಪುಗಳು ಎಷ್ಟೋ ಹೆಚ್ಚು ಅಂತ ಆಗ ಅವನಿಗೆ ತಿಳಿಯಿತು. ಪಟ್ಟಿಯಲ್ಲಿ ಮೊದಲು ಇದ್ದದ್ದು 12 ಗುಣ. ಹದಿಮೂರನೆಯದು ಹೇಗೆ ಬಂತು ಗೊತ್ತಾ? ಒಬ್ಬ ಸ್ನೇಹಿತ "ನಿನಗೆ ಜಂಬ ಇದೆ ಅಂತ ಜನ ಹೇಳ್ತಾರೆ" ಅಂತ ಮುಖಕ್ಕೇ ಹೇಳಿದ. ಆಮೇಲೆ ದೀನತೆ ಸೇರಿಸಿಕೊಂಡ. ಇನ್ನೂ ಗಂಭೀರವಾದ ವಿಷಯ ಇದೆ. ನ್ಯಾಯ ಅಂತ ಪಟ್ಟಿಯಲ್ಲಿ ಬರೆದಿದ್ದ ಅದೇ ಮನುಷ್ಯ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ, ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರ್ತಿತ್ತು. ಮುಪ್ಪಿನಲ್ಲಿ ಕಣ್ಣು ತೆರೆಯಿತು. 1787ರಲ್ಲಿ ಗುಲಾಮಗಿರಿಯ ವಿರುದ್ಧದ ಸಂಘಕ್ಕೆ ಅಧ್ಯಕ್ಷನಾದ, 1790ರಲ್ಲಿ, ಸಾಯುವ ಕೆಲವೇ ವಾರ ಮುಂಚೆ, ಅದನ್ನು ತೆಗೆಯಿರಿ ಅಂತ ಅಮೆರಿಕದ ಕಾಂಗ್ರೆಸ್ಸಿಗೆ ಹೋದ ಮನವಿಗೆ ಸಹಿ ಹಾಕಿದ. ಇದರಿಂದ ನಾವು ಕಲಿಯೋದು ಏನು? ನಮ್ಮ ಲೆಕ್ಕದ ಪುಸ್ತಕ ನಮಗೆ ಕಾಣಿಸಿದ ತಪ್ಪನ್ನು ಮಾತ್ರ ಎಣಿಸುತ್ತೆ. ಸುತ್ತಲಿನವರೆಲ್ಲ ಮಾಡುವ ತಪ್ಪು ನಮ್ಮ ಕಣ್ಣಿಗೆ ತಪ್ಪಾಗಿ ಕಾಣೋದೇ ಇಲ್ಲ. ಅದಕ್ಕೆ ಹೊರಗಿನ ಬೆಳಕು ಬೇಕು. ವಾಕ್ಯದ ಬೆಳಕು ಬೇಕು, ಸತ್ಯ ಹೇಳುವ ಸ್ನೇಹಿತ ಬೇಕು, ನಮ್ಮಿಂದ ನೋವು ತಿಂದವರ ಮಾತನ್ನು ಕೇಳುವ ಕಿವಿ ಬೇಕು.

ನಮ್ಮ ಊರಲ್ಲಿ ಇಂಥ ತಪ್ಪು ಯಾವುದು? ನಕಲಿ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್. "ಎಲ್ಲರೂ ಹಾಕ್ತಾರೆ ಬ್ರದರ್, ಇಲ್ಲದಿದ್ರೆ ಇಂಟರ್‌ವ್ಯೂಗೆ ಕರೆಯೋದೇ ಇಲ್ಲ" ಅಂತಾರೆ. ನನಗೆ ಗೊತ್ತು, ಪಿಜಿ ಬಾಡಿಗೆ ಇದೆ, ಊರಿಗೆ ಹಣ ಕಳಿಸಬೇಕು, ಕಷ್ಟ ನಿಜ. ಆದರೆ ಆ ಕಾಗದ ನಿಮ್ಮ ಕೈಗೆ ಬಂದ ದಿನ ನಿಮ್ಮೊಳಗೆ ಹೊಸ ಮನುಷ್ಯ ಹುಟ್ಟಲ್ಲ. ಮನೆಯಿಂದ ಹೊರಡದೆಯೇ "ಆನ್ ದ ವೇ" ಅಂದವರು, ಕೆಲಸ ಶುರು ಮಾಡದೆಯೇ "ಆಲ್‌ಮೋಸ್ಟ್ ಆಯ್ತು ಸರ್" ಅಂದವರು, ಆ ದಿನಕ್ಕೆ ಈಗಾಗಲೇ ತಯಾರಾಗಿಬಿಟ್ಟಿರ್ತಾರೆ. ಚಿಕ್ಕ ಸತ್ಯಗಳನ್ನು ಹೇಳುತ್ತಾ ಬಂದವರೂ ತಯಾರಾಗಿರ್ತಾರೆ. ಆ ದಿನ ಪೂರ್ತಿಯಾಗಿ ನಿಮ್ಮ ಕೈಯಲ್ಲಿಲ್ಲ. ಇವತ್ತು ಸಂಜೆ ಕಳಿಸುವ ಮೆಸೇಜ್ ನಿಮ್ಮ ಕೈಯಲ್ಲಿದೆ.

ಹಾಗಾದರೆ ಈ ವಾರ ಏನು ಮಾಡೋಣ? ಮೂರೇ ವಿಷಯ.

ಒಂದು, ದಿನಕ್ಕೆ ಒಂದು ನಿಗದಿತ ಸಮಯ. ಮೂರು ಸಾರಿ ಅಲ್ಲ, ಒಂದೇ ಸಾರಿ, ಹತ್ತೇ ನಿಮಿಷ. ಮೆಟ್ರೋದಲ್ಲಾದರೂ ಸರಿ, ಆದರೆ ಸಮಯ ಬದಲಾಗಬಾರದು.

ಎರಡು, ಮಲಗುವ ಮುಂಚೆ ಐದು ನಿಮಿಷ ಫೋನ್ ದೂರ ಇಟ್ಟು ಕೇಳಿಕೊಳ್ಳಿ. ಇವತ್ತು ಎಲ್ಲಿ ಸುಳ್ಳು ಹೇಳಿದೆ? ಯಾರನ್ನು ಮನುಷ್ಯರ ಹಾಗೆ ನೋಡಲಿಲ್ಲ? ಡೆಲಿವರಿ ಹುಡುಗನನ್ನಾ, ಹೌಸ್‌ಕೀಪಿಂಗ್ ಅಕ್ಕನನ್ನಾ? ತಪ್ಪು ಸಿಕ್ಕರೆ ನಿಮ್ಮನ್ನು ನೀವೇ ಶಪಿಸಿಕೊಳ್ಳಬೇಡಿ. ಕೃಪೆ ಕೇಳಿ, ನಾಳೆ ಸರಿಪಡಿಸುವ ಒಂದು ಕೆಲಸ ಗೊತ್ತುಮಾಡಿಕೊಂಡು ಮಲಗಿ.

ಮೂರು, ನಿಮ್ಮ ಮುಖಕ್ಕೆ ಸತ್ಯ ಹೇಳುವ ಒಬ್ಬರನ್ನು ಆರಿಸಿಕೊಂಡು "ನನ್ನಲ್ಲಿ ನನಗೆ ಕಾಣದ್ದು ನಿನಗೆ ಏನು ಕಾಣ್ತಿದೆ?" ಅಂತ ಕೇಳಿ. ಅವರು ಉತ್ತರ ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ.

ಇವುಗಳಿಂದ ರಕ್ಷಣೆ ಸಿಗಲ್ಲ. ರಕ್ಷಣೆ ಕೃಪೆಯಿಂದಲೇ. ದಾನಿಯೇಲನು ಕಿಟಕಿ ತೆರೆದ ಮಾತ್ರಕ್ಕೆ ಸಿಂಹಗಳ ಬಾಯಿ ಮುಚ್ಚಲಿಲ್ಲ, ಮುಚ್ಚಿಸಿದವನು ದೇವರು. ಆದರೆ ಕಿಟಕಿ ತೆರೆಯುವ ಕೆಲಸ ದಾನಿಯೇಲನದೇ ಆಗಿತ್ತು. ದೇವರು ಅದನ್ನು ಅವನಿಗೇ ಬಿಟ್ಟಿದ್ದನು.

ಪ್ರಾರ್ಥಿಸೋಣ. ಕರ್ತನೇ, ನಮಗೆ ನಮ್ಮನ್ನು ತೋರಿಸು. ತೋರಿಸಿದ್ದನ್ನು ಸಹಿಸುವ ಬಲ ಕೊಡು. ಮನಸ್ಸಿರುವ ದಿನವೂ ಮನಸ್ಸಿಲ್ಲದ ದಿನವೂ ನಿನ್ನ ಮುಂದೆ ಬರುವ ಮೊಣಕಾಲುಗಳನ್ನು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.