ಒಡಂಬಡಿಕೆಯೂ ಒಪ್ಪಂದವೂ

ಮದುವೆಗೆ ಮುನ್ನ ಆಸ್ತಿಯ ಬಗ್ಗೆ ಕಾಗದಪತ್ರ ಮಾಡಿಕೊಳ್ಳುವುದು ಸರಿಯೇ? ಪ್ರೀತಿಯಿರುವಲ್ಲಿ ವಕೀಲರಿಗೇನು ಕೆಲಸ ಎನ್ನುವವರು ನಮ್ಮಲ್ಲಿ ಅನೇಕರು. ಆದರೆ ಪತ್ನಿಯನ್ನು ಕಳೆದುಕೊಂಡು, ಇಬ್ಬರು ಮಕ್ಕಳಿರುವ ಒಬ್ಬರು ಮರುಮದುವೆಗೆ ಸಿದ್ಧರಾಗಿದ್ದಾರೆಂದು ಭಾವಿಸೋಣ. ಮನೆ ಕಟ್ಟಿದ್ದರಲ್ಲಿ ಮೊದಲ ಪತ್ನಿಯ ದುಡಿಮೆಯೂ ಇದೆ. ಆ ಮಕ್ಕಳ ಪಾಲೇನು? ಹೊಸದಾಗಿ ಬರುವ ಹೆಣ್ಣುಮಗಳಿಗೆ ಆಸರೆಯೇನು? ಇದು ನ್ಯಾಯದ ಪ್ರಶ್ನೆ. ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢಸಂಕಲ್ಪವೇ ನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ನ್ಯಾಯವನ್ನು ತುಳಿಯುವ ಪ್ರೀತಿ ಕ್ರೈಸ್ತ ಪ್ರೀತಿಯಲ್ಲ.

ಇಲ್ಲಿ ಸದುದ್ದೇಶವೊಂದೇ ಸಾಲದು, ತಿಳಿವಳಿಕೆಯೂ ಬೇಕು. ಆ ತಂದೆ ಮಕ್ಕಳ ಹೆಸರಿಗೆ ಉಯಿಲು ಬರೆದಿಟ್ಟು ನಿಶ್ಚಿಂತರಾಗಿರಬಹುದು. ಆದರೆ ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮದುವೆಯಾದೊಡನೆ ಹಿಂದಿನ ಉಯಿಲು ರದ್ದಾಗುತ್ತದೆ. ಹೊಸದನ್ನು ಬರೆಯದೆ ತೀರಿಕೊಂಡರೆ ಪತ್ನಿಗೆ ಮೂರರಲ್ಲೊಂದು ಪಾಲು, ಮಕ್ಕಳೆಲ್ಲರಿಗೂ ಸೇರಿ ಉಳಿದ ಎರಡು ಪಾಲು. ಮದುವೆಗೆ ಮುಂಚಿನ ಒಪ್ಪಂದದಿಂದ ವಿಧವೆಯ ಪಾಲನ್ನು ಇಲ್ಲವಾಗಿಸಲು ಅದೇ ಕಾಯ್ದೆ ಹಿಂದೆ ಅವಕಾಶ ಕೊಟ್ಟಿತ್ತು. 2002ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಹಳೆಯ ನಮೂನೆ ನೋಡಿ ಬರೆದ ಕಾಗದವನ್ನು ನಂಬಿ ಕೂರಲಾಗದು. ಗೋವೆಯ ಕಾನೂನಂತೂ ಬೇರೆಯೇ: ಅಲ್ಲಿ ಮುಂಚಿತ ಒಪ್ಪಂದವಿಲ್ಲದಿದ್ದರೆ ದಂಪತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದಾಗುತ್ತದೆ. ಗೋವೆಯೊಡನೆ ಸಂಬಂಧ ಬೆಳೆಸುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಇನ್ನು ಧರ್ಮಸಭೆಯ ಬೋಧನೆ. ಆಸ್ತಿಯನ್ನು ನ್ಯಾಯವಾಗಿ ಹಂಚಿಕೊಳ್ಳುವ ಒಪ್ಪಂದ ವಿವಾಹ ಸಂಸ್ಕಾರಕ್ಕೆ ವಿರುದ್ಧವಲ್ಲ. ಆದರೆ ಮುಂದೆ ನಡೆಯಬೇಕಾದ ಯಾವುದೋ ಸಂಗತಿಯನ್ನು ಷರತ್ತಾಗಿಟ್ಟು ಆಗುವ ಮದುವೆ ಸಿಂಧುವಲ್ಲವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1102ನೇ ವಿಧಿ ಹೇಳುತ್ತದೆ. ಬೇಡವೆನಿಸಿದಾಗ ಬಿಟ್ಟುಹೋಗುವೆನೆಂಬ ಸಂಕಲ್ಪದಿಂದಲೇ ಸಮ್ಮತಿ ನೀಡಿದವರ ಮದುವೆಯೂ ಸಿಂಧುವಲ್ಲ. ಒಪ್ಪಂದ ಆಸ್ತಿಗೆ ಸಂಬಂಧಿಸಿದ್ದು. ಒಡಂಬಡಿಕೆ ಇಡೀ ಜೀವನವನ್ನೇ ಅರ್ಪಿಸುವಂಥದ್ದು. ಮೊದಲನೆಯದು ಎರಡನೆಯದನ್ನು ಕಾಯಬಹುದು, ಅದಕ್ಕೆ ಮಿತಿ ಹಾಕಬಾರದು.

ಆದ್ದರಿಂದ ವರನಿಗೂ ವಧುವಿಗೂ ಬೇರೆ ಬೇರೆ ವಕೀಲರ ಸಲಹೆ ಇರಲಿ. ವರನ ಮನೆಯವರ ವಕೀಲರು ಬರೆದದ್ದಕ್ಕೆ, ಮದುವೆಯ ಹಿಂದಿನ ದಿನ, ಓದದೆಯೇ ವಧು ಸಹಿ ಹಾಕಿದರೆ ಅದನ್ನು ಸಮ್ಮತಿಯೆನ್ನಲಾದೀತೇ? ದಿನ ಗೊತ್ತುಮಾಡುವ ಮುನ್ನವೇ ಮಾತಾಡಿರಿ. ಕರಡನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೂ ತೋರಿಸಿರಿ.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಸಾಲದಾದುದನ್ನು ಗಮನಿಸಿ ತಿಳಿಸಿದವರು ಮಾತೆ ಮರಿಯಮ್ಮನವರು. ಮನೆಯ ಕೊರತೆಯನ್ನು ಕಂಡು ಬಾಯಿಬಿಟ್ಟು ಹೇಳುವುದು ಅಪನಂಬಿಕೆಯಲ್ಲ, ಅದೂ ಪ್ರೀತಿಯೇ.