ಅಧೀನರಾದವರೂ ಕರ್ತೃಗಳೇ

ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋದವರು ಆಸ್ಪತ್ರೆಯಿಂದ ವೃದ್ಧಾಶ್ರಮಕ್ಕೆ ಬಂದ ಮೇಲೆ ಅವರ ಇಡೀ ದಿನ ಬೇರೆಯವರ ಕೈಯಲ್ಲಿ ಸಾಗುತ್ತದೆ. ಎಬ್ಬಿಸುವುದು, ಮುಖ ತೊಳೆಸುವುದು, ಬಟ್ಟೆ ಹಾಕುವುದು, ಗಂಜಿ ಕುಡಿಸುವುದು ಎಲ್ಲವನ್ನೂ ಆಯಾಗಳೇ ಮಾಡುತ್ತಾರೆ. ಅದು ಸೇವೆಯೇ, ಸಂಶಯವಿಲ್ಲ. ಆದರೆ ಹಾಸಿಗೆಯ ಮೇಲಿರುವವರು ಈಗಲೂ ಏನನ್ನಾದರೂ ಮಾಡುವವರೋ, ಅಥವಾ ಮಾಡಿಸಿಕೊಳ್ಳುವುದಷ್ಟೇ ಅವರ ಪಾಲಿಗೆ ಉಳಿದದ್ದೋ? ವೈದ್ಯಶಾಸ್ತ್ರಕ್ಕಿಂತ ಮೊದಲು ಇದು ದರ್ಶನದ ಪ್ರಶ್ನೆ. ಇದಕ್ಕೆ ನಾವು ಒಳಗೊಳಗೇ ಕೊಟ್ಟುಕೊಂಡಿರುವ ಉತ್ತರದ ಮೇಲೆಯೇ ಆರೈಕೆಯ ರೀತಿ ನಿಂತಿದೆ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನ ಕರ್ತೃತ್ವವನ್ನು ಚರ್ಚಿಸುವಾಗ ಬಡಗಿಯ ಉದಾಹರಣೆ ಬರುತ್ತದೆ. ಶಂಕರರ ಭಾಷ್ಯದಲ್ಲಿ, ಬಾಚಿ ಕೈಯಲ್ಲಿರುವಷ್ಟು ಹೊತ್ತು ಬಡಗಿ ದುಡಿದು ದಣಿಯುತ್ತಾನೆ, ಅದನ್ನು ಕೆಳಗಿಟ್ಟಾಗ ನೆಮ್ಮದಿಯಾಗಿರುತ್ತಾನೆ. ಕರ್ತೃತ್ವವೂ ಹಾಗೆಯೇ ಉಪಾಧಿಯಿಂದ ಬಂದದ್ದು, ಆತ್ಮನ ಸ್ವಭಾವವಲ್ಲ. ಮಧ್ವರು ಅದೇ ಬಡಗಿಯನ್ನು ಇನ್ನೊಂದು ಕಡೆಯಿಂದ ನೋಡುತ್ತಾರೆ. ಆತ ಕೆಲಸ ಮಾಡಿಸುವವನ ಅಧೀನ, ಆದರೂ ಕೆಲಸ ಮಾಡುವವನು ಆತನೇ. ಜೀವನ ಕರ್ತೃತ್ವ ಪರಾಧೀನ, ಆದರೆ ಸುಳ್ಳಲ್ಲ. ಶಂಕರರ ಗಮನ ಮುಕ್ತಿಯ ಕಡೆಗಿದೆ, ಅದನ್ನು ರೋಗಿಯ ಮಂಚಕ್ಕೆ ಎಳೆದು ತಪ್ಪು ಹುಡುಕುವುದು ನ್ಯಾಯವಲ್ಲ. ಮಂಚದ ಬಳಿ ನಮಗೆ ದಾರಿ ತೋರುವುದು ಮಧ್ವರ ಬಡಗಿ. ಪರಾಧೀನರಾದ ಕೂಡಲೇ ಮನುಷ್ಯರು ಕರ್ತೃಗಳಾಗಿ ಉಳಿಯುವುದಿಲ್ಲ ಎಂಬ ನಮ್ಮ ಕಾಲದ ಗ್ರಹಿಕೆಯನ್ನು ಆತ ಒಪ್ಪುವುದಿಲ್ಲ. ಮಧ್ವರು ಹೇಳಿದ್ದು ದೇವರ ಅಧೀನ, ಆಯಾಳ ಅಧೀನವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯೇ. ಆದರೆ ಅದರಿಂದ ನನ್ನ ವಾದ ಗಟ್ಟಿಯಾಗುತ್ತದೆ. ಜೀವರಲ್ಲಿ ತಾರತಮ್ಯ ಹೇಳುವ ಆ ಮತದಲ್ಲೂ ಸ್ವತಂತ್ರನು ಒಬ್ಬನೇ. ಉಣಿಸುವವರೂ ಉಣ್ಣುವವರೂ ಸಮಾನವಾಗಿ ಪರತಂತ್ರರು. ಉಣಿಸುವ ಕೈಗೆ ಒಡೆತನ ಎಲ್ಲಿಂದ ಬರಬೇಕು?

ದೇಹದ ಸಾಕ್ಷ್ಯವೂ ಇದಕ್ಕೆ ಹತ್ತಿರವಾಗಿದೆ. ಲಕ್ವ ಹೊಡೆದ ಕೈಯಿಂದ ಮಾಡಹೋದ ಪ್ರತಿಯೊಂದು ಪ್ರಯತ್ನವೂ ಸೋತು, ಒಳ್ಳೆಯ ಕೈ ಸಲೀಸಾಗಿ ಗೆಲ್ಲುತ್ತಾ ಹೋದರೆ, ಶಕ್ತಿ ಸ್ವಲ್ಪ ಮರಳಿದ ಮೇಲೂ ಆ ಕೈಯನ್ನು ಬಳಸದಿರುವುದೇ ರೂಢಿಯಾಗಿಬಿಡುತ್ತದೆ ಎಂದು ಅಮೆರಿಕದ ಎಡ್ವರ್ಡ್ ಟಾಬ್ ತೋರಿಸಿದರು. ಒಳ್ಳೆಯ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ಎರಡು ವಾರ ಕೆಲಸ ಮಾಡಿಸುವ ಚಿಕಿತ್ಸೆ ಅಲ್ಲಿಂದ ಬಂತು. 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರ ಲಾಭ ವರ್ಷದ ನಂತರವೂ ಉಳಿದಿತ್ತು. ಅವರೆಲ್ಲರ ಮಣಿಕಟ್ಟು, ಬೆರಳುಗಳಲ್ಲಿ ಒಂದಿಷ್ಟಾದರೂ ಚಲನೆ ಇತ್ತೆಂಬುದನ್ನು ಮರೆಯಬಾರದು. ಆದರೂ ಪಾಠ ಸ್ಪಷ್ಟವಾಗಿದೆ: ಚಮಚ ಹಿಡಿಯಬಲ್ಲ ಕೈ ಇದ್ದರೂ ಬೇಗ ಮುಗಿಯಲೆಂದು ನಾವೇ ಉಣಿಸುತ್ತಾ ಹೋದರೆ, ಪ್ರೀತಿಯಿಂದಲೇ ಆ ಕೈಯನ್ನು ಸುಮ್ಮನಾಗಿಸುತ್ತೇವೆ.

ಇದಕ್ಕೆ ಎದುರಾದ ಸಾಕ್ಷ್ಯವನ್ನು ಮುಚ್ಚಿಡಲಾಗದು. ಬ್ರಿಟನ್ನಿನ 228 ಆರೈಕೆ ಮನೆಗಳಲ್ಲಿ, ಪಾರ್ಶ್ವವಾಯುವಿಗೆ ಒಳಗಾಗಿದ್ದ 1042 ನಿವಾಸಿಗಳ ನಡುವೆ ನಡೆದ ಅಧ್ಯಯನ 2015ರಲ್ಲಿ ಹೊರಬಂತು. ಊಟ, ಸ್ನಾನ, ಓಡಾಟಗಳಂಥ ನಿತ್ಯಕರ್ಮಗಳಿಗೆ ಮೂರು ತಿಂಗಳು ಕೊಟ್ಟ ಆಕ್ಯುಪೇಷನಲ್ ಥೆರಪಿಯಿಂದ ಅವರ ಸಾಮರ್ಥ್ಯ ಹೆಚ್ಚಲಿಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶವೂ (2017) ನಿರಾಶೆಯದೇ. ಹಾಗಾದರೆ ಈ ಶ್ರಮವೆಲ್ಲ ಯಾಕೆ? ಚೇತರಿಕೆಯೊಂದೇ ನಮ್ಮ ಆಧಾರವಾಗಿದ್ದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಚಮಚವನ್ನು ಅವರ ಕೈಗೆ ಕೊಡುವುದು ಅವರು ಗುಣವಾಗಲಿ ಎಂಬ ಆಸೆಯಿಂದ ಮಾತ್ರವಲ್ಲ, ಉಣ್ಣುವವರು ಅವರು ಎಂಬ ಕಾರಣದಿಂದ. ಗುಣವಾದರೆ ಸಂತೋಷ. ಆಗದಿದ್ದರೂ ಆ ಕಾರಣ ಬಿದ್ದುಹೋಗುವುದಿಲ್ಲ. ಮಾತು ಹೋದವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹೇಳಲು ಆಗದವರಿಗೆ ಅರ್ಥವೂ ಆಗುವುದಿಲ್ಲ ಎಂದು ಭಾವಿಸಿ, ಅವರ ಎದುರಿಗೇ ಮಕ್ಕಳೊಡನೆ ಅವರ ಬಗ್ಗೆ ಮಾತಾಡುವುದು ಎಷ್ಟೋ ಕಡೆ ನಡೆಯುತ್ತದೆ. ಅರ್ಥವಾಗುತ್ತಿರಬಹುದು. ಹೌದು, ಅಲ್ಲ ಎಂದು ತಲೆಯಾಡಿಸುವಂತೆ ಕೇಳಿ, ಉತ್ತರಕ್ಕೆ ಕಾಯುವುದು ದೊಡ್ಡ ವಿದ್ಯೆಯೇನಲ್ಲ.

ಅಪಾಯದ ಮಾತೂ ಇದೆ. ಗಂಟಲು ಸೋತವರಿಗೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನುಂಗುವ ಶಕ್ತಿಯನ್ನು ಪರೀಕ್ಷಿಸದೆ ಚಮಚ ಕೊಡುವುದು ಗೌರವವಲ್ಲ, ಉಡಾಫೆ. ಹುರುಪು ಹೆಚ್ಚಾದರೂ ಕೇಡು: ಪಾರ್ಶ್ವವಾಯುವಾದ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚೆಚ್ಚು ಓಡಾಡಿಸಿದವರ ಸ್ಥಿತಿ ಉಳಿದವರಿಗಿಂತ ಹಿಂದೆ ಬಿತ್ತೆಂದು 2015ರ ಇನ್ನೊಂದು ದೊಡ್ಡ ಅಧ್ಯಯನ ಹೇಳಿತು. ಇನ್ನು ಸಮಯದ ಕೊರತೆ. ಒಬ್ಬ ಆಯಾ ಹಲವರನ್ನು ನೋಡಿಕೊಳ್ಳಬೇಕಾದಲ್ಲಿ ಕಾಯಲು ಪುರುಸೊತ್ತಿಲ್ಲ ಎಂಬುದು ನಿಜವಾದ ಕಷ್ಟ. ಅದರ ಹೊಣೆ ಆಯಾಳದಲ್ಲ, ಸಾಕಷ್ಟು ಜನರನ್ನು ನೇಮಿಸದವರದು. ಆ ಕೊರತೆ ನೀಗುವವರೆಗೆ ದಿನಕ್ಕೆ ಒಂದು ಕೆಲಸವನ್ನಾದರೂ, ತಲೆ ಬಾಚಿಕೊಳ್ಳುವುದನ್ನೋ ಮುಖ ಒರೆಸಿಕೊಳ್ಳುವುದನ್ನೋ, ಪೂರ್ತಿ ಅವರಿಗೇ ಬಿಡಬಹುದು.

ಕರ್ತೃವೆಂದು ಒಪ್ಪಿದ ಮೇಲೆ ಅವರ ನಿರಾಕರಣೆಯನ್ನೂ ಒಪ್ಪಬೇಕಾಗುತ್ತದೆ. ವ್ಯಾಯಾಮ ಬೇಡ ಎನ್ನುವವರನ್ನು ಹಟಮಾರಿ ಎನ್ನುವುದು ಸುಲಭ. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ, ಆದ್ದರಿಂದ ಆ ಬೇಡ ಯಾವುದರಿಂದ ಬಂತೆಂದು ಮೊದಲು ವೈದ್ಯರು ನೋಡಬೇಕು. ಖಿನ್ನತೆಗೆ ಚಿಕಿತ್ಸೆ ಕೊಟ್ಟ ಮೇಲೂ ಬೇಡವೆಂದರೆ ಅಂದಿಗೆ ಬಿಟ್ಟು, ಮರುದಿನ ಮತ್ತೆ ಕೇಳಬೇಕು.