ಪುಕ್ಕಟೆ ಸಲಹೆಯ ಬೆಲೆ

ಅರಸೀಕೆರೆಯಲ್ಲಿ ರೈಲು ಬದಲಿಸುವವರಿಗೆ ಕಾಯುವುದು ಹೊಸತಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ–ಮೈಸೂರು ಕಡೆಯ ಹಳಿ ಬಂದು ಸೇರುವ ಜಂಕ್ಷನ್ ಇದು. ಕಾಯುವ ಜನ ಇದ್ದಲ್ಲಿ ಟೀ ಅಂಗಡಿ ಇರುತ್ತದೆ. ಟೀ ಅಂಗಡಿ ಇದ್ದಲ್ಲಿ ಮಾತಿರುತ್ತದೆ. ಮಾತಿದ್ದಲ್ಲಿ ಸಲಹೆಗಳಿಗೆ ಬರವೇ ಇಲ್ಲ. ಯಾವ ಕಂಪೆನಿಯ ಫೋನ್ ಕೊಳ್ಳಬೇಕು, ಮಗಳಿಗೆ ಎಂಥ ಕಡೆ ಸಂಬಂಧ ನೋಡಬೇಕು, ಮುನಿಸಿಕೊಂಡು ತವರಿಗೆ ಹೋದ ಹೆಂಡತಿಯನ್ನು ಕರೆತರಬೇಕೇ ಅಥವಾ ಅವಳೇ ಬರಲಿ ಎಂದು ಸುಮ್ಮನಿರಬೇಕೇ, ಹೀಗೆ ಎಲ್ಲದಕ್ಕೂ ಅರ್ಧ ಟೀಯಲ್ಲಿ ತೀರ್ಪು ಸಿಗುತ್ತದೆ. ಸಲಹೆ ಪಡೆದವನು ಒಂದು ಬಸ್ಸು ಹತ್ತುತ್ತಾನೆ, ಕೊಟ್ಟವನು ಇನ್ನೊಂದು ರೈಲು ಹತ್ತುತ್ತಾನೆ. ಆಮೇಲೆ ಏನಾಯಿತೆಂದು ಇಬ್ಬರೂ ಪರಸ್ಪರ ಕೇಳುವುದಿಲ್ಲ.

ನನ್ನ ವಿಷಯದಲ್ಲಿ ಒಮ್ಮೆ ಹಾಗಾಗಲಿಲ್ಲ. ಏನಾಯಿತೆಂಬುದು ನನಗೆ ಗೊತ್ತಾಯಿತು. ಅದಕ್ಕಾಗಿಯೇ ಈ ಬರಹ.

2023ರ ಬೇಸಿಗೆ. ಪರಿಚಯದ ಕೊಬ್ಬರಿ ವ್ಯಾಪಾರಿಯೊಬ್ಬರು ಅದೇ ಟೀ ಅಂಗಡಿಯಲ್ಲಿ ಸಿಕ್ಕರು. ಅವರ ಮಗ ಪಿಯುಸಿ ಮುಗಿಸಿದ್ದ. "ಮೇಷ್ಟ್ರೇ, ಹುಡುಗ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಆಟ ಆಡ್ತಾನೆ. ಮಾತೇ ಆಡಲ್ಲ. ಏನ್ ಮಾಡ್ಲಿ?" ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೆ ಮಕ್ಕಳ ಬಗ್ಗೆ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. "ಫೋನ್ ಕಿತ್ಕೊಂಡು ಒಡೆದು ಹಾಕಿ ಸ್ವಾಮಿ. ಎರಡು ದಿನ ಅಳ್ತಾನೆ, ಮೂರನೇ ದಿನ ಸರಿಯಾಗ್ತಾನೆ" ಎಂದೆ. ಸುತ್ತಲಿದ್ದ ನಾಲ್ಕು ಜನ ಹೌದೆಂದು ತಲೆಯಾಡಿಸಿದರು. ನನ್ನ ರೈಲು ಬಂತು, ನಾನು ಹೊರಟೆ.

ಅವರು ಅಂದು ಸಂಜೆಯೇ ಫೋನನ್ನು ಅಂಗಳದಲ್ಲಿ ಕಲ್ಲಿನ ಮೇಲಿಟ್ಟು ಒಡೆದರು. ರಾತ್ರಿ ಹುಡುಗ ಮನೆಯಲ್ಲಿರಲಿಲ್ಲ. ಮೂರನೇ ದಿನ ಬೇಲೂರಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದಾನೆಂಬ ಸುದ್ದಿ ಬಂತು. ತಂದೆ ನನ್ನನ್ನೂ ಜೊತೆಗೆ ಕರೆದರು. ಹಳೇಬೀಡಿನ ಮೇಲೆ ಹೋಗುವ ಬಸ್ಸಿನಲ್ಲಿ ಕುಳಿತೆವು. ದಾರಿಯುದ್ದಕ್ಕೂ ಅವರು ನನ್ನನ್ನು ಬೈಯಲಿಲ್ಲ. ಒಂದೇ ಒಂದು ಸಲ, "ನಿಮ್ಮ ಮಾತು ಕೇಳಿ ಒಡೆದೆ ಮೇಷ್ಟ್ರೇ" ಎಂದು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹುಡುಗ ಸಿಕ್ಕಿದ. ಅವನು ಹೇಳಿದ್ದು ಇಷ್ಟು: ಆಡುತ್ತಿದ್ದುದು ಹಣ ಕಟ್ಟುವ ಇಸ್ಪೀಟಾಟ. ಸೋತ ದುಡ್ಡಿಗಾಗಿ ಗೆಳೆಯರಲ್ಲಿ, ಗೆಳೆಯರ ಗೆಳೆಯರಲ್ಲಿ ಸಾಲ ಮಾಡಿದ್ದ. ರಾತ್ರಿಯೆಲ್ಲ ಅವನು ಆಡುತ್ತಿದ್ದುದಕ್ಕಿಂತ ಹೆಚ್ಚಾಗಿ ಸಾಲ ಕೊಟ್ಟವರಿಗೆ ಸಮಜಾಯಿಷಿ ಬರೆಯುತ್ತಾ ದಿನ ದೂಡುತ್ತಿದ್ದ. ಫೋನ್ ಒಡೆದ ಮೇಲೆ ಅವರು ನೇರವಾಗಿ ಮನೆಗೇ ಬರುತ್ತಾರೆಂದು ಹೆದರಿ ಓಡಿದ್ದ. ನಾನು ಟೀ ಅಂಗಡಿಯಲ್ಲಿ "ಯಾವ ಆಟ?" ಎಂಬ ಒಂದು ಪ್ರಶ್ನೆ ಕೇಳಿದ್ದರೆ, ತಂದೆ ಮನೆಗೆ ಹೋಗಿ ಆ ಪ್ರಶ್ನೆಯನ್ನು ಮಗನಿಗೆ ಕೇಳುತ್ತಿದ್ದರು. ನಾನು ಕೇಳಲಿಲ್ಲ, ಹೇಳಿದೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ತರಗತಿಯಲ್ಲಿ ಎಷ್ಟು ಸಲ ಬರೆಸಿದ್ದೆನೋ ಲೆಕ್ಕವಿಲ್ಲ.

ಇಲ್ಲಿ ತಪ್ಪು ಯಾರದು? ಫೋನ್ ಒಡೆದ ಕೈ ತಂದೆಯದು. ಸಾಲ ಮಾಡಿದವನು ಮಗ. ನಾನು ಆಡಿದ್ದು ಬರೀ ಮಾತು. ನನ್ನ ಪರವಾಗಿ ನಾನೇ ವಕೀಲನಾಗಿ ವಾದಿಸಿ ನೋಡಿದೆ. "ನಾನು ಹೇಳಿದೆ, ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು" ಎಂಬುದು ಮೊದಲ ವಾದ. ಆದರೆ ಇದೇ ಸಲಹೆ ಫಲಿಸಿ ಹುಡುಗ ಸರಿಹೋಗಿದ್ದರೆ "ನಾನೇ ಹೇಳಿದ್ದು" ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದೆನಲ್ಲವೇ? ಲಾಭದಲ್ಲಿ ಪಾಲು ಬೇಡುವವನು ನಷ್ಟದಲ್ಲಿ ಪಾಲುದಾರನಲ್ಲ ಎನ್ನುವುದು ಯಾವ ವ್ಯಾಪಾರದ ನ್ಯಾಯ? ಕೊಬ್ಬರಿ ಮಂಡಿಯಲ್ಲೂ ಅಂಥ ಲೆಕ್ಕ ನಡೆಯುವುದಿಲ್ಲ.

"ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ" ಎಂಬುದು ಎರಡನೆಯ ವಾದ. ಇದು ನಿಜ. ಆದರೆ ಒಳ್ಳೆಯ ಮನಸ್ಸು ಅರಿವಿನ ಜಾಗದಲ್ಲಿ ನಿಲ್ಲಲಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ವ್ಯಸನವೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೇಡಾಗುತ್ತಿದೆಯೆಂದು ಗೊತ್ತಿದ್ದೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಇವು 12 ತಿಂಗಳಾದರೂ ಕಂಡುಬಂದಿರಬೇಕೆಂದು ಆ ಪಟ್ಟಿ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ತಂತ್ರಜ್ಞಾನದ ಅತಿಬಳಕೆಗೆಂದೇ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ. ಬಲ್ಲವರು ತಿಂಗಳುಗಟ್ಟಲೆ ಗಮನಿಸಿ ಹೇಳುವುದನ್ನು ನಾನು ಹುಡುಗನ ಮುಖವನ್ನೂ ನೋಡದೆ ಒಂದು ಲೋಟ ಟೀ ಮುಗಿಯುವುದರೊಳಗೆ ಹೇಳಿದ್ದೆ.

ಬೇಲೂರಿನಲ್ಲಿ ತಂದೆ ಮಗ ಮಾತಾಡಿಕೊಳ್ಳಲಿ ಎಂದು ನಾನು ದೇವಸ್ಥಾನದ ಕಡೆ ನಡೆದಿದ್ದೆ. ಕಪ್ಪೆ ಚೆನ್ನಿಗರಾಯನ ಗುಡಿಯ ಬಳಿ ಗೈಡ್ ಒಬ್ಬರು ಪ್ರವಾಸಿಗರಿಗೆ ಎಲ್ಲರಿಗೂ ಗೊತ್ತಿರುವ ಆ ಕತೆಯನ್ನೇ ಹೇಳುತ್ತಿದ್ದರು. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆಯೆಂದು ಎಲ್ಲಿಂದಲೋ ಬಂದ ಹುಡುಗ ಡಂಕಣಾಚಾರಿ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಹಿರಿಯ ಪಂಥ ಕಟ್ಟುತ್ತಾನೆ. ಮೂರ್ತಿಗೆ ಗಂಧ ಹಚ್ಚುತ್ತಾರೆ. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿಯಿಂದ ಕೆತ್ತಿದಾಗ ನೀರು, ಕಪ್ಪೆ ಹೊರಬೀಳುತ್ತವೆ.

ಚಿಕ್ಕಂದಿನಿಂದ ಕೇಳಿದ ಕತೆ ಅಂದು ಬೇರೆಯಾಗಿ ಕೇಳಿಸಿತು. ಹುಡುಗ ಅಭಿಪ್ರಾಯ ಹೇಳಿ ಬಸ್ಸು ಹತ್ತಲಿಲ್ಲ. ಗಂಧ ಒಣಗುವ ತನಕ ಅಲ್ಲೇ ನಿಂತ. ತನ್ನ ಮಾತನ್ನು ಎಲ್ಲರ ಎದುರಿಗೆ ಪರೀಕ್ಷೆಗೆ ಒಡ್ಡಿದ. ಇದು ಕತೆಯ ಒಂದು ಮುಖ. ಇನ್ನೊಂದು ಮುಖ ಕಹಿಯಾದದ್ದು. ಹುಡುಗನ ಮಾತು ನಿಜವಾಗಿತ್ತು, ಆದರೂ ಕೈ ಹೋದದ್ದು ಕೇಳಿಸಿಕೊಂಡವನದು. ಸಲಹೆ ಸರಿಯಾಗಿರಲಿ ತಪ್ಪಾಗಿರಲಿ, ಅದರ ಬೆಲೆ ತೆರುವವನು ಕೊಟ್ಟವನಲ್ಲ, ಪಡೆದವನು. ಕೊಟ್ಟವನ ಎರಡೂ ಕೈ ಹಾಗೇ ಇರುತ್ತವೆ.

ಜಕಣಾಚಾರಿಯ ಕತೆ ಐತಿಹ್ಯ, ಇತಿಹಾಸವಲ್ಲ. ಆದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯದ ಗೋಡೆಗಳಲ್ಲಿ ನಿಜವಾದ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮೂರ್ತಿಗಳ ಬುಡದಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಇದು ನನ್ನ ಕೆಲಸ, ಇದರ ಹೊಗಳಿಕೆಗೂ ತೆಗಳಿಕೆಗೂ ನಾನೇ ಹೊಣೆ ಎಂಬುದು ಅದರ ಅರ್ಥ. ಒಂಬೈನೂರು ವರ್ಷಗಳ ನಂತರವೂ ಆ ಹೊಣೆ ಅಳಿಸಿಲ್ಲ. ನಾವು ದಿನವೂ ಹಂಚುವ ಸಲಹೆಗಳ ಬುಡದಲ್ಲಿ ಹೆಸರು ಕೊರೆಯಬೇಕಾಗಿ ಬಂದರೆ ಎಷ್ಟು ಮಾತು ನಾಲಿಗೆಯಲ್ಲೇ ಉಳಿದೀತು?

ಹಾಗಾದರೆ ಸಲಹೆ ಕೊಡುವುದನ್ನೇ ಬಿಟ್ಟರೆ ಸರಿಯೇ? ನಾನು ಹಾಗೇ ತೀರ್ಮಾನಿಸಿದ್ದೆ. ಆ ತೀರ್ಮಾನದ ಫಲವನ್ನೂ ಕಂಡೆ.

ಬೇಲೂರಿನಿಂದ ಬಂದ ಕೆಲವು ತಿಂಗಳಿಗೆ ನನ್ನ ಸೋದರ ಸೊಸೆ ಮನೆಗೆ ಬಂದಳು. ಮದುವೆಯಾಗಿ ಎರಡು ವರ್ಷ. "ಮಾಮೂ, ಅಲ್ಲಿ ನನಗೆ ಆಗ್ತಿಲ್ಲ. ಏನ್ ಮಾಡ್ಲಿ ಹೇಳಿ" ಎಂದಳು. ನಾನು ಪಾಠ ಕಲಿತವನಲ್ಲವೇ? "ಅದು ಗಂಡ ಹೆಂಡತಿ ವಿಷಯಮ್ಮಾ, ನಾನು ಏನು ಹೇಳಲಿ" ಎಂದೆ. ಅವಳು ತಲೆ ತಗ್ಗಿಸಿ ಟೀ ಕುಡಿದು ಹೊರಟುಹೋದಳು. ಅವಳಿಗೆ ಅಲ್ಲಿ ಹೊಡೆತ ಬೀಳುತ್ತಿತ್ತೆಂಬುದು ನಮಗೆ ತಿಳಿದದ್ದು ಒಂದು ವರ್ಷದ ನಂತರ. "ನೀವೂ ಏನೂ ಹೇಳದೆ ಇದ್ದದ್ದು ನೋಡಿ, ಸಹಿಸ್ಕೊಳ್ಳೋದೇ ಸರಿ ಅಂದ್ಕೊಂಡೆ ಮಾಮೂ" ಎಂದಳು. ನನ್ನ ಮೌನವೂ ಒಂದು ಸಲಹೆಯಾಗಿತ್ತು, ಅದೂ ಕೆಟ್ಟ ಸಲಹೆ. ಇಂದು ಅವಳು ತನ್ನ ಕಾಲ ಮೇಲೆ ನಿಂತಿದ್ದಾಳೆ. ಆದರೆ ಆ ಒಂದು ವರ್ಷವನ್ನು ನಾನು ಅವಳಿಗೆ ಹಿಂದಿರುಗಿಸಲಾರೆ.

ಒಂದು ಕಡೆ ಕೇಳದೆ ಹೇಳಿ ಕೆಡಿಸಿದೆ, ಇನ್ನೊಂದು ಕಡೆ ಹೇಳದೆ ಕೆಡಿಸಿದೆ. ಯೋಚಿಸಿ ನೋಡಿದರೆ ಎರಡೂ ಕಡೆ ಆದ ತಪ್ಪು ಒಂದೇ. ನಾನು ಎದುರಿಗಿದ್ದವರನ್ನು ಏನೂ ವಿಚಾರಿಸಲಿಲ್ಲ. ಮೊದಲನೆಯ ಸಲ ನನ್ನ ಜಾಣತನ ಮುಖ್ಯವಾಗಿತ್ತು, ಎರಡನೆಯ ಸಲ ನನ್ನ ನೆಮ್ಮದಿ.

ನಾವು ಬಳಸುವ ಪದಗಳೇ ಇಲ್ಲಿ ದಾರಿ ತೋರಿಸುತ್ತವೆ. 'ಸಲಹೆ' ಎಂಬುದು ಅರಬಿ ಮೂಲದಿಂದ ಹಿಂದೂಸ್ತಾನಿಯ ದಾರಿಯಲ್ಲಿ ಕನ್ನಡಕ್ಕೆ ಬಂದ ಪದ. ಅರಬಿಯಲ್ಲಿ 'ಸಲಾಹ್' ಎಂದರೆ ಒಳಿತು, ಸರಿಯಾಗಿರುವುದು. ಕನ್ನಡದ 'ಸಲಹು' ಅದಕ್ಕೆ ಸಂಬಂಧಪಡದ ಬೇರೆಯೇ ಪದ. ಕಾಪಾಡುವುದು ಎಂದು ಅದರ ಅರ್ಥ. ಎರಡು ಭಾಷೆಗಳ ಎರಡು ಪದಗಳು ನಮ್ಮ ಬಾಯಲ್ಲಿ ಅಕ್ಕಪಕ್ಕ ಕುಳಿತಿವೆ. ಇನ್ನೊಂದು ಪದ 'ಅಮಾನತು'. ಈಗ ಅದನ್ನು ಕೇಳಿದರೆ ನೌಕರನೊಬ್ಬನನ್ನು ಕೆಲಸದಿಂದ ದೂರವಿಟ್ಟ ಸುದ್ದಿಯೇ ನೆನಪಾಗುತ್ತದೆ. ಮೂಲದಲ್ಲಿ ಅದು, ಇನ್ನೊಬ್ಬರು ನಂಬಿ ನಮ್ಮಲ್ಲಿಟ್ಟ ವಸ್ತು. ತನ್ನ ಮನೆಯ ಗುಟ್ಟನ್ನು ನಮ್ಮ ಮುಂದೆ ಬಿಚ್ಚಿ "ಏನ್ ಮಾಡ್ಲಿ?" ಎನ್ನುವವರು ನಮಗೆ ಕೊಡುವುದು ಅಂಥ ಅಮಾನತನ್ನು. ಅದನ್ನು ಇಟ್ಟುಕೊಂಡವನಿಗೆ ಕೆಲವು ಕರ್ತವ್ಯಗಳಿವೆ.

ಮೊದಲನೆಯದು, ಹೇಳುವ ಮೊದಲು ಕೇಳುವುದು, ಆದಷ್ಟೂ ಎರಡೂ ಕಡೆಯಿಂದ ಕೇಳುವುದು. ದಂಪತಿಗಳ ನಡುವೆ ಒಡಕು ಬಂದಾಗ ಗಂಡನ ಕಡೆಯಿಂದ ಒಬ್ಬರು, ಹೆಂಡತಿಯ ಕಡೆಯಿಂದ ಒಬ್ಬರು ಪಂಚರಾಗಬೇಕೆಂಬ ಕ್ರಮ ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿದೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯೂ ತೀರ್ಪಿಗೆ ಮೊದಲು ರಾಜಿಗೆ ಯತ್ನಿಸಬೇಕೆನ್ನುತ್ತದೆ. ಎರಡರ ಹಿಂದೆಯೂ ಒಂದು ಕಡೆಯ ಮಾತು ಸಾಲದೆಂಬ ತಿಳಿವಳಿಕೆಯಿದೆ. ಆದರೆ ಹೊಡೆತ ಬಡಿತವಿದ್ದಲ್ಲಿ 'ಹೊಂದಿಕೊಂಡು ಹೋಗು' ಎಂಬುದು ಸಲಹೆಯಲ್ಲ, ಕೈಚೆಲ್ಲುವುದು. ಅಂಥ ಹೆಣ್ಣುಮಕ್ಕಳಿಗಾಗಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ, 181 ಸಹಾಯವಾಣಿಯಿದೆ.

ಎರಡನೆಯದು, ನಮಗೆಷ್ಟು ಗೊತ್ತೋ ಅಷ್ಟನ್ನೇ ಹೇಳಿ, ಉಳಿದದ್ದಕ್ಕೆ ಬಲ್ಲವರ ಬಾಗಿಲು ತೋರಿಸುವುದು. ಮನಸ್ಸಿನ ತೊಂದರೆಗೆ 2022ರ ಅಕ್ಟೋಬರ್‌ನಿಂದ ಟೆಲಿ-ಮನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಈ ಐದು ಅಂಕಿಗಳನ್ನು ಹೇಳಲು ಯಾವ ಪಾಂಡಿತ್ಯವೂ ಬೇಕಿಲ್ಲ. ನಾನು ಅಂದು ಹೇಳಿದ್ದಕ್ಕಿಂತ ಇದು ಎಷ್ಟೋ ಪಾಲು ಮೇಲಾಗಿತ್ತು.

ಮೂರನೆಯದು, ಸಲಹೆ ಕೊಟ್ಟ ಮೇಲೆ ಮತ್ತೆ ಹೋಗಿ ವಿಚಾರಿಸುವುದು. ನಮ್ಮ ಮಾತು ಅವರ ಮನೆಯಲ್ಲಿ ಏನಾಯಿತೆಂದು ತಿಳಿಯುವ ತನಕ ನಮ್ಮ ಕೆಲಸ ಮುಗಿದಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಷ್ಟೋ ಹುಡುಗ ಹುಡುಗಿಯರು ಪ್ರೀತಿ, ಮದುವೆ, ಮುನಿಸುಗಳ ಪ್ರಶ್ನೆಗಳನ್ನು ಯಂತ್ರಕ್ಕೇ ಕೇಳುತ್ತಿದ್ದಾರೆ. ನಾವು ಅದನ್ನು ಕಂಡು ನಗುತ್ತೇವೆ. ಆದರೆ ಅವರು ಅಲ್ಲಿಗೆ ಹೋಗುವುದೇಕೆ? ಅದು ಮಾತಿನ ಮಧ್ಯೆ ಬಾಯಿ ಹಾಕುವುದಿಲ್ಲ, ಗದರುವುದಿಲ್ಲ, ಓಣಿಗೆಲ್ಲ ಸುದ್ದಿ ಹಬ್ಬಿಸುವುದಿಲ್ಲ. ಈ ಮೂರನ್ನೂ ಮಾಡುವವರು ನಾವು. ಯಂತ್ರದ ಬುದ್ಧಿ ಎಷ್ಟೇ ದೊಡ್ಡದಿರಲಿ, ಬೇಲೂರಿನ ಬಸ್ಸಿನಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ನಾಚಿಕೆಪಡಲು ಅದಕ್ಕೆ ಬರುವುದಿಲ್ಲ. ಮನುಷ್ಯನ ಸಲಹೆಗೆ ಇನ್ನೂ ಬೆಲೆಯಿದ್ದರೆ ಅದು ಈ ನಾಚಿಕೆಯಿಂದ, ಈ ಹೊಣೆಯಿಂದ. ಅದೂ ಇಲ್ಲದಿದ್ದರೆ ಯಂತ್ರವೇ ವಾಸಿ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದಕ್ಕೆ ಮೊದಲು, 2021ರಲ್ಲಿ ಕರ್ನಾಟಕ ತಂದಿದ್ದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಕಾನೂನು ಬಂತೆಂದು ಅಪ್ಪ ಮಗನ ನಡುವಿನ ಮಾತು ತಾನಾಗಿ ಶುರುವಾಗುವುದಿಲ್ಲ. ಆ ಮಾತು ಬೇಲೂರಿನಲ್ಲಿ ಅಂದು ಶುರುವಾಯಿತು. ತಂದೆ ಒಂದಿಷ್ಟು ಕೊಬ್ಬರಿ ಮಾರಿ ಸಾಲ ತೀರಿಸಿದರು. ಹುಡುಗ ಈಗ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಅರಸೀಕೆರೆಗೆ ಹೋದಾಗಲೆಲ್ಲ ಅವನನ್ನು ಕಂಡು ಬರುತ್ತೇನೆ.

ಮೊನ್ನೆ ಅವನೇ ಕೇಳಿದ, "ಮೇಷ್ಟ್ರೇ, ಹೊಸ ಫೋನ್ ತಗೋಬೇಕು, ಯಾವುದು ತಗೊಳ್ಲಿ?" ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು ಕೇಳಿದೆ, "ಯಾಕಪ್ಪಾ ಬೇಕು? ಕೂತ್ಕೋ, ಹೇಳು." ಅವನು ಕುಳಿತ. ಅಂದು ನನ್ನ ರೈಲು ತಪ್ಪಿತು.